ಇನಿಷಿಯಲ್ಲಿಗೆ ಜಾಗವಿಲ್ಲದ ಅರ್ಜಿ

ಹಾಸನದ ಶಿವಣ್ಣನವರ ಮಗ ಮಂಜುನಾಥ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವರು ಎಚ್. ಎಸ್. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎಚ್. ಎಸ್. ಪ್ಯಾನ್ ಅರ್ಜಿ ಮಾತ್ರ ಮೊದಲ ಹೆಸರು, ನಡುವಿನ ಹೆಸರು, ಸರ್‌ನೇಮ್ ಎಂದು ಮೂರು ಖಾನೆ ಮುಂದಿಡುತ್ತದೆ. ಸರ್‌ನೇಮ್ ಖಾಲಿ ಬಿಡುವಂತಿಲ್ಲ, ಅಲ್ಲಿ ಇನಿಷಿಯಲ್ ಬರೆಯುವಂತೆಯೂ ಇಲ್ಲ. ಕೊನೆಗೆ ಅಪ್ಪನ ಹೆಸರೇ ಮನೆತನದ ಹೆಸರಾಗಿ, ಮಂಜುನಾಥ ಶಿವಣ್ಣ ಎಂಬ ಕಾರ್ಡು ಕೈಸೇರುತ್ತದೆ. ಊರು, ತಂದೆ, ಆಮೇಲೆ ತಾನು ಎಂಬುದು ಹಳೆ ಮೈಸೂರಿನ ಕಡೆ ಹೆಸರು ಬರೆಯುವ ಕ್ರಮ. ಅಡ್ಡಹೆಸರಿರುವ ಉತ್ತರ ಕರ್ನಾಟಕದವರಿಗೆ ಈ ತೊಡಕು ಕಡಿಮೆ. ಜೊತೆಗೆ, ಕನ್ನಡದಲ್ಲಿ ಒಂದೇ ಆಗಿರುವ ಮಂಜುನಾಥ ಇಂಗ್ಲಿಷಿಗೆ ಹೋದಾಗ ಕೊನೆಯ 'ಎ' ಒಂದು ದಾಖಲೆಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಈ ವ್ಯತ್ಯಾಸಕ್ಕೆ ಈಗ ಬೆಲೆ ತೆರಬೇಕಾಗಿದೆ: ಹೆಸರು ಹೊಂದದಿದ್ದರೆ ಪ್ಯಾನನ್ನು ಆಧಾರ್‌ಗೆ ಲಿಂಕ್ ಮಾಡಲು ತೊಡಕಾಗುತ್ತದೆ. 2017ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 139ಎಎ ಕಲಮು ರಿಟರ್ನ್ ಸಲ್ಲಿಸಲು ಆಧಾರ್ ಕಡ್ಡಾಯ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ಆ ಕಲಮನ್ನು ಎತ್ತಿಹಿಡಿಯಿತು. 2023ರ ಜುಲೈ 1ರಿಂದ, ವಿನಾಯಿತಿ ಇದ್ದವರನ್ನು ಬಿಟ್ಟು, ಆಧಾರ್‌ಗೆ ಲಿಂಕ್ ಆಗದ ಪ್ಯಾನ್‌ಗಳು ನಿಷ್ಕ್ರಿಯವಾದವು. ನಿಷ್ಕ್ರಿಯ ಪ್ಯಾನ್‌ಗೆ ರೀಫಂಡ್ ಬರುವುದಿಲ್ಲ, ಆ ಅವಧಿಗೆ ಬಡ್ಡಿಯೂ ಸಿಗುವುದಿಲ್ಲ. ಠೇವಣಿಯ ಬಡ್ಡಿಯಲ್ಲಿ ಶೇ. 10ರ ಬದಲು ಶೇ. 20 ಮುರಿದುಕೊಳ್ಳುತ್ತಾರೆ. ತಡವಾಗಿ ಲಿಂಕ್ ಮಾಡಿಸಲು 1,000 ರೂಪಾಯಿ ಶುಲ್ಕ. ಠೇವಣಿಯ ಬಡ್ಡಿಯನ್ನೇ ನೆಚ್ಚಿದ ಹಿರಿಯರಿಗೆ ಇದು ಸಣ್ಣ ಪೆಟ್ಟಲ್ಲ.

ಒಬ್ಬರೇ ಎರಡು ಮೂರು ಪ್ಯಾನ್ ಇಟ್ಟುಕೊಂಡು ತೆರಿಗೆ ತಪ್ಪಿಸುವುದನ್ನು ತಡೆಯಬೇಡವೇ ಎಂದು ಕೇಳಬಹುದು. ಖಂಡಿತ ತಡೆಯಬೇಕು. ಆದರೆ ಒಂದೇ ಊರಿನಲ್ಲಿ ಹತ್ತು ಮಂಜುನಾಥರಿರುವಾಗ ಹೆಸರು ದುರ್ಬಲ ಸಾಕ್ಷಿ, ಬೆರಳಚ್ಚು ಹಾಗಲ್ಲ. ವ್ಯವಸ್ಥೆಯೂ ಇದನ್ನು ಅರ್ಧ ಒಪ್ಪಿದೆ: ಹೆಸರಿನ ಸಣ್ಣ ವ್ಯತ್ಯಾಸವಿದ್ದರೆ ಆಧಾರ್ ಒಟಿಪಿ ಸಾಕು, ಪ್ಯಾನ್ ಸೇವಾ ಕೇಂದ್ರಗಳಲ್ಲಿ ಬಯೋಮೆಟ್ರಿಕ್ ದಾರಿಯೂ ಇದೆ. ಅರ್ಜಿ ತುಂಬುವಾಗಲೇ ಜನ ಎಚ್ಚರ ವಹಿಸಬೇಕಿತ್ತು ಎಂಬ ವಾದವೂ ಉಂಟು. ಆದರೆ ಎಷ್ಟೋ ಜನರ ಹೆಸರು ಬರೆದದ್ದು ಶಾಲೆಯ ಗುಮಾಸ್ತರು, ಟೈಪ್ ಮಾಡಿದ್ದು ಕೌಂಟರಿನಲ್ಲಿ ಕೂತವರು. ಹುಟ್ಟಿದ ತಾರೀಕಿನ ದಾಖಲೆಯೇ ಇಲ್ಲದವರ ಆಧಾರ್‌ನಲ್ಲಿ ಬರೀ ಇಸವಿ ಇದೆ. ಅಷ್ಟಕ್ಕೂ ಆಧಾರ್ ಪೂರ್ತಿ ಹೆಸರಿಗೆ ಒಂದೇ ಖಾನೆ ಕೊಟ್ಟಿದೆ. ಪ್ಯಾನ್ ಅರ್ಜಿಗೂ ಅದು ಸಾಧ್ಯ. ತಿದ್ದಬೇಕಾದದ್ದು ಮೊದಲು ಅರ್ಜಿಯನ್ನು.

ಅಲ್ಲಿಯವರೆಗೆ ಓದುಗರು ಒಂದು ಮಾತು ನೆನಪಿಡಬೇಕು. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಬಹುದು. ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕು, ಪ್ಯಾನ್ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದನ್ನು ತಿದ್ದಿಸಬೇಕೆಂದು ತೀರ್ಮಾನಿಸಿದ ಮೇಲೆಯೇ ಆ ಅವಕಾಶ ಬಳಸಿ. ರಿಟರ್ನ್ ಗಡುವು ಹತ್ತಿರವಾಗುವ ಜುಲೈ ಕೊನೆಯ ವಾರದವರೆಗೆ ಕಾಯಬೇಡಿ.