ಬಿರ್ಗಿಟ್ ಪ್ರಿನ್ಸ್ 16ಕ್ಕೇ ದೇಶಕ್ಕೆ ಆಡಿದಳು. ನಮ್ಮ ಹುಡುಗಿಯರ ಆಟ 16ಕ್ಕೇ ಮುಗಿಯೋದೇಕೆ?

1994ರ ಜುಲೈ. ಜರ್ಮನಿಯ ಮಹಿಳಾ ಫುಟ್‌ಬಾಲ್ ತಂಡ ಕೆನಡಾ ವಿರುದ್ಧ ಆಡುತ್ತಿತ್ತು. ಬದಲಿ ಆಟಗಾರ್ತಿಯಾಗಿ ಇಳಿದ 16 ವರ್ಷದ ಹುಡುಗಿ ಗೆಲುವಿನ ಗೋಲು ಹೊಡೆದಳು. ಹೆಸರು ಬಿರ್ಗಿಟ್ ಪ್ರಿನ್ಸ್. 2011ರಲ್ಲಿ ನಿವೃತ್ತಿಯಾಗುವಷ್ಟರಲ್ಲಿ ಆಕೆಯ ಲೆಕ್ಕ 214 ಅಂತರರಾಷ್ಟ್ರೀಯ ಪಂದ್ಯ, 128 ಗೋಲು. 2003 ಮತ್ತು 2007ರಲ್ಲಿ ವಿಶ್ವಕಪ್, ಐದು ಯುರೋಪಿಯನ್ ಪ್ರಶಸ್ತಿ, ಮೂರು ಒಲಿಂಪಿಕ್ ಕಂಚು. 2003ರಿಂದ 2005ರವರೆಗೆ ಸತತ ಮೂರು ವರ್ಷ ಫಿಫಾದ ವರ್ಷದ ಆಟಗಾರ್ತಿ.

ಈ ಪಟ್ಟಿ ಓದಿ 'ಅಬ್ಬಾ, ಎಂಥಾ ಪ್ರತಿಭೆ' ಅಂದುಬಿಟ್ಟರೆ ಅರ್ಧ ಕಥೆ ತಪ್ಪಿಹೋಗುತ್ತೆ. ನಾನು ಓದಿದ್ದು ಎಂಜಿನಿಯರಿಂಗ್. ಒಂದು ಯಂತ್ರ ಚೆನ್ನಾಗಿ ಓಡ್ತಿದ್ರೆ ಒಳಗೆ ಏನೇನು ಭಾಗಗಳಿವೆ ಅಂತ ಬಿಚ್ಚಿ ನೋಡೋ ಚಾಳಿ ಇನ್ನೂ ಹೋಗಿಲ್ಲ. ಪ್ರಿನ್ಸ್ ವೃತ್ತಿಜೀವನವನ್ನೂ ಹಾಗೇ ಬಿಚ್ಚೋಣ.

ಮೊದಲ ಭಾಗ: ಅನುಮತಿ

ಜರ್ಮನಿ ಹುಟ್ಟಾ ಉದಾರಿಯೇನಲ್ಲ. ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಸಂಸ್ಥೆ 1955ರಲ್ಲಿ ಮಹಿಳಾ ಫುಟ್‌ಬಾಲನ್ನೇ ನಿಷೇಧಿಸಿತ್ತು. ಚೆಂಡಿಗಾಗಿ ಸೆಣಸಾಡಿದ್ರೆ ಹೆಣ್ಣಿನ ಲಾವಣ್ಯ ಕೆಡುತ್ತೆ, ದೇಹ-ಮನಸ್ಸಿಗೆ ಹಾನಿ ಅನ್ನೋದು ಕಾರಣ. ನಮ್ಮೂರ ಕಟ್ಟೆ ಮೇಲೆ ಕೇಳೋ ಮಾತೇ ಅಲ್ವಾ ಇದು? ನಿಷೇಧ ತೆರವಾಗಿದ್ದು 1970ರಲ್ಲಿ. ಅಷ್ಟರವರೆಗೂ ಹೆಣ್ಣುಮಕ್ಕಳು ಸಂಸ್ಥೆಯ ಹೊರಗೇ ಆಡಿದರು. ಆಡುತ್ತಲೇ ಇದ್ದಿದ್ದರಿಂದ ಸಂಸ್ಥೆ ಮಣಿಯಬೇಕಾಯ್ತು. 1989ರಲ್ಲಿ ಯುರೋಪ್ ಚಾಂಪಿಯನ್ ಆದವರಿಗೆ ಅದೇ ಸಂಸ್ಥೆ ಕೊಟ್ಟ ಬಹುಮಾನ ಒಂದೊಂದು ಕಾಫಿ ಸೆಟ್!

ಎರಡನೇ ಭಾಗ: ವಾರ ವಾರ ಪಂದ್ಯ

1974ರಲ್ಲಿ ಮಹಿಳಾ ಕ್ಲಬ್‌ಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್, 1982ರಲ್ಲಿ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ, 1990ರಲ್ಲಿ ಮಹಿಳಾ ಬುಂಡೆಸ್‌ಲಿಗಾ. 1977ರಲ್ಲಿ ಹುಟ್ಟಿದ ಪ್ರಿನ್ಸ್ ಹದಿಹರೆಯಕ್ಕೆ ಕಾಲಿಡುವಾಗ ಲೀಗ್ ರೆಡಿ ಇತ್ತು, ಫ್ರಾಂಕ್‌ಫರ್ಟ್‌ನ ಕ್ಲಬ್ಬುಗಳು ಪಕ್ಕದಲ್ಲೇ ಇದ್ದವು.

ಮೂರನೇ ಭಾಗ: ಆಟದಾಚೆಗಿನ ಬದುಕು

ಪ್ರಿನ್ಸ್ ಆಡುತ್ತಲೇ ಓದಿದರು, ಮನಶ್ಶಾಸ್ತ್ರದಲ್ಲಿ ಪದವಿ ಪಡೆದರು. 2011ರಲ್ಲಿ ತವರಿನ ವಿಶ್ವಕಪ್‌ನಲ್ಲಿ ಫಾರ್ಮ್ ಕೈಕೊಟ್ಟು ಬೆಂಚಿನಲ್ಲಿ ಕೂರಬೇಕಾಯ್ತು. ಆ ವರ್ಷವೇ ನಿವೃತ್ತಿ. ಆದರೆ ಬದುಕು ನಿಲ್ಲಲಿಲ್ಲ: ಹೊಫನ್‌ಹೈಮ್ ಕ್ಲಬ್‌ನಲ್ಲಿ, ಆಮೇಲೆ ರಾಷ್ಟ್ರೀಯ ಮಹಿಳಾ ತಂಡದಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡಿದರು.

ಈಗ ನಮ್ಮ ಕಡೆ ನೋಡಿ

ಭಾರತ ಹಿಂದೆ ಬಿದ್ದಿತ್ತು ಅಂದುಕೊಂಡರೆ ತಪ್ಪು. ಮಹಿಳಾ ಫುಟ್‌ಬಾಲ್‌ಗೆ ನಮ್ಮಲ್ಲಿ ಪ್ರತ್ಯೇಕ ಒಕ್ಕೂಟ ಬಂದಿದ್ದು 1975ರಲ್ಲೇ. ಜರ್ಮನಿ ಮೊದಲ ಅಧಿಕೃತ ಪಂದ್ಯ ಆಡೋ ಮುಂಚೆಯೇ, 1980ರ ಜನವರಿಯಲ್ಲಿ ಕೋಯಿಕ್ಕೋಡ್‌ನಲ್ಲಿ ನಮ್ಮವರು ಏಷ್ಯಾ ಫೈನಲ್ ತಲುಪಿದ್ದರು. 1983ರಲ್ಲಿ ಮತ್ತೊಮ್ಮೆ ರನ್ನರ್ಸ್ ಅಪ್. ನಮ್ಮ ರಾಜ್ಯದ ಚಿತ್ರಾ ಗಂಗಾಧರನ್ ಭಾರತಕ್ಕೆ ಆಡಿದ್ದು ಆ ಪೀಳಿಗೆಯಲ್ಲೇ. ಆಮೇಲೆ? ಮಹಿಳೆಯರ ರಾಷ್ಟ್ರೀಯ ಲೀಗ್ ಶುರುವಾಗಿದ್ದು 2016-17ರಲ್ಲಿ. ಬುಂಡೆಸ್‌ಲಿಗಾಗಿಂತ 26 ವರ್ಷ ತಡ. ನಮಗೆ ಅನುಮತಿ ಇತ್ತು, ಆಟಗಾರ್ತಿಯರಿದ್ದರು. ಎರಡನೇ ಭಾಗವನ್ನು ಯಾರೂ ಕಟ್ಟಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆ ಅಂದ್ರೆ ಈ ಐದು ತಾಲ್ಲೂಕುಗಳೇ. ಇಲ್ಲಿನ ಸರ್ಕಾರಿ ಶಾಲೆ ಹುಡುಗಿಯರು ಕಬಡ್ಡಿ, ಖೋ ಖೋ ಆಡೋದನ್ನ ನೋಡಿದವರಿಗೆ ಪ್ರತಿಭೆ ಬಗ್ಗೆ ಅನುಮಾನ ಬರಲ್ಲ. ಆದರೆ ಶಾಲಾ ಕ್ರೀಡಾಕೂಟದಲ್ಲಿ ಸೋತ ದಿನವೇ ಆ ವರ್ಷದ ಆಟ ಮುಗೀತು. ಅಪ್ಪ-ಅಮ್ಮ ಗುಳೆ ಹೊರಟರೆ ಶಾಲೆಯೂ ತಪ್ಪುತ್ತೆ, ತಂಡವೂ ತಪ್ಪುತ್ತೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಗೆ ಪಟ್ಟಣಕ್ಕೆ ಬಸ್ಸು, ಸಂಜೆ ಮನೆಗೆಲಸ, ಮದುವೆಯ ಮಾತು. ಪ್ರಿನ್ಸ್ ದೇಶಕ್ಕೆ ಆಡಿದ ವಯಸ್ಸಿಗೇ ಇವರು ಆಟ ಬಿಡುತ್ತಾರೆ.

ಹೊಸಪೇಟೆ ದಾಟಿದರೆ ತೋರಣಗಲ್ಲಿನ ಬಳಿ ಒಲಿಂಪಿಕ್ ಮಟ್ಟದ ತರಬೇತಿ ಕೊಡೋ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ ಅನ್ನಬಹುದು. ನಿಜ. ಆದರೆ ಅಕಾಡೆಮಿ ಆರಿಸಿಕೊಳ್ಳೋದು ಈಗಾಗಲೇ ಆಡುತ್ತಿರೋರನ್ನ. ಆಡೋಕೇ ಜಾಗ ಇಲ್ಲದವಳು ಆಯ್ಕೆಯ ಸಾಲಿಗೆ ಬರೋದು ಹೇಗೆ?

ಹಾಗಾಗಿ ಮುಂದಿನ ಸಲ ನಿಮ್ಮ ಶಾಸಕರು 'ಕ್ರೀಡಾಂಗಣ ಮಂಜೂರು' ಅಂತ ಫ್ಲೆಕ್ಸ್ ಹಾಕಿಸಿದಾಗ ಮೂರು ಪ್ರಶ್ನೆ ಕೇಳಿ. ಅಲ್ಲಿ ಹುಡುಗಿಯರಿಗೆ ವಾರಕ್ಕೆ ಎಷ್ಟು ಗಂಟೆ ಮೀಸಲು? ಐದು ತಾಲ್ಲೂಕಿನ ತಂಡಗಳು ವರ್ಷವಿಡೀ ಆಡೋ ಲೀಗ್ ಯಾವಾಗ? ಪಂದ್ಯ ಮುಗಿಸಿದ ಹುಡುಗಿ ಕತ್ತಲಾಗೋ ಮುಂಚೆ ಊರು ಸೇರೋಕೆ ಬಸ್ಸು ಇದೆಯಾ? ಕಾಂಪೌಂಡು, ಗ್ಯಾಲರಿಗಳ ಲೆಕ್ಕ ಆಮೇಲೆ ಕೇಳಿದರಾಯ್ತು.