ಮಡಕೆ ಬರೆಯಲು ಕಾಲೇಜು ಬೇಕೆ?

ಅದೊಂದು ಸಂತೆಯ ದಿನ. ಶಾಲೆ ಬಿಟ್ಟು ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಮ್ಮ ಸಂತೆಮರಹಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಕಂಕುಳಲ್ಲಿ ದೊಡ್ಡದೊಂದು ರಟ್ಟಿನ ಫೈಲು ಅವಚಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಪಿ.ಯು.ಸಿ. ಮುಗಿಸಿ ಮೈಸೂರಿನಲ್ಲಿ ಚಿತ್ರಕಲೆಯ ಪದವಿಗೆ ಸೇರಿ ಮೂರು ತಿಂಗಳಾಗಿತ್ತು.

ಫೈಲು ಬಿಚ್ಚಿ ಹಾಳೆಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿದರು. ಮಡಕೆ. ಮತ್ತೆ ಮಡಕೆ. ಮಡಕೆಯ ಪಕ್ಕದಲ್ಲಿ ಮರದ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಮಡಿಸಿದ ಬಟ್ಟೆ. ಬಣ್ಣದ ಹೆಸರಿಲ್ಲ, ಎಲ್ಲ ಬರೀ ಪೆನ್ಸಿಲ್ಲು.

‘ಮೇಷ್ಟ್ರೇ, ಮಡಕೆ ಬರೆಯೋಕೆ ಕಾಲೇಜು ಬೇಕಾ? ಇದನ್ನ ಇಲ್ಲೇ ಕೂತು ಬರೀತಿರಲಿಲ್ವಾ? ಅವನೂ ಬೇಸತ್ತು ಬಂದುಬಿಟ್ಟಿದ್ದಾನೆ. ಇನ್ನು ಹೋಗಲ್ಲ ಅಂತಾನೆ’ ಎಂದರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಾರಣ, ಆ ಹುಡುಗನ ವಿಷಯದಲ್ಲಿ ನನ್ನದೂ ಒಂದು ತಪ್ಪಿತ್ತು. ಒಂಬತ್ತನೆಯ ತರಗತಿಯಲ್ಲಿ ಅವನು ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ದಾಸವಾಳದ ಛೇದಚಿತ್ರದ ಪಕ್ಕ ಹೂವಿನ ಮೇಲೆ ಕುಳಿತ ಇರುವೆಯನ್ನೂ ಬರೆದಿದ್ದ. ‘ಕೇಳಿದ್ದನ್ನಷ್ಟೇ ಬರಿ’ ಎಂದು ಗದರಿಸಿ ಪುಟ ಹರಿಸಿದ್ದೆ. ಆ ಇರುವೆಗೆ ಆರು ಕಾಲು ಸರಿಯಾಗಿಯೇ ಇದ್ದವು ಎಂಬುದು ನನಗೆ ಈಗಲೂ ನೆನಪಿದೆ. ಹಾಗಾಗಿ ಆ ಫೈಲನ್ನು ಒಂದು ವಾರ ನನ್ನಲ್ಲೇ ಇಟ್ಟುಕೊಂಡೆ. ಮುಂದಿನ ಭಾನುವಾರ ಹುಡುಗನನ್ನು ಕರೆಸಿ, ಮೊದಲ ವರ್ಷದಲ್ಲಿ ಏನೇನು ಮಾಡಿಸುತ್ತಾರೆ, ಯಾಕೆ ಮಾಡಿಸುತ್ತಾರೆ ಎಂದು ಕೇಳಿ ತಿಳಿದುಕೊಂಡೆ. ಆಮೇಲೆ ಪುಸ್ತಕಗಳನ್ನೂ ನೋಡಿದೆ. ಮಕ್ಕಳನ್ನು ಚಿತ್ರಕಲೆಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಪೋಷಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಡಿಪಾಯದ ವರ್ಷ

ನಮ್ಮ ಭಾಗದ ಮಕ್ಕಳಿಗೆ ಚಿತ್ರಕಲೆ ಎಂದರೆ ಮೊದಲು ನೆನಪಾಗುವುದು ಮೈಸೂರಿನ ‘ಕಾವಾ’, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ತಿ. ನರಸೀಪುರದ ರಸ್ತೆಯಲ್ಲಿ ಮೈಸೂರು ಪ್ರವೇಶಿಸಿದರೆ ಸಿದ್ಧಾರ್ಥನಗರದಲ್ಲೇ ಅದು ಸಿಗುತ್ತದೆ. ಇದರ ಬೇರು ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿದೆ. ಆ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದವರು ಮುಂದೆ ಐದನೆಯ ಜಾರ್ಜ್ ದೊರೆಯಾದ ಅಂದಿನ ವೇಲ್ಸ್ ರಾಜಕುಮಾರ. ಮರಗೆಲಸ, ದಂತದ ಕೆತ್ತನೆಯಂಥ ಕಸಬುಗಳ ಜೊತೆಗೆ ಚಿತ್ರ ಬರೆಯುವುದನ್ನೂ ಕಲಿಸುತ್ತಿದ್ದ ಆ ಸಂಸ್ಥೆ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯಂತೆ ಮುಂಬಯಿಯ ಜೆ.ಜೆ. ಕಲಾಶಾಲೆಯ ಮಾದರಿಯಲ್ಲಿ 1980ರ ದಶಕದ ಆರಂಭದಲ್ಲಿ ಅಕಾಡೆಮಿಯ ರೂಪ ಪಡೆಯಿತು. ಚಿತ್ರಕಲೆ, ಶಿಲ್ಪ, ಮುದ್ರಣ ಕಲೆ, ಅನ್ವಯಿಕ ಕಲೆ, ಛಾಯಾಚಿತ್ರ ಎಂಬ ವಿಭಾಗಗಳು ಅಲ್ಲಿವೆ. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜಿದೆ. ಇನ್ನೂ ಹಲವು ಊರುಗಳಲ್ಲಿ ಇಂಥ ಕಾಲೇಜುಗಳಿವೆ.

ಕಾಲೇಜು ಯಾವುದಾದರೂ ಮೊದಲ ವರ್ಷದ ತತ್ತ್ವ ಹೆಚ್ಚುಕಡಿಮೆ ಒಂದೇ. ನಾಳೆ ಶಿಲ್ಪಿಯಾಗುವವನೂ ಜಾಹೀರಾತು ವಿನ್ಯಾಸಕಿಯಾಗುವವಳೂ ಒಂದೇ ಕೋಣೆಯಲ್ಲಿ ಒಂದೇ ಪಾಠ ಕಲಿಯಬೇಕು. ವಸ್ತುಚಿತ್ರ, ನಿಸರ್ಗ ಅಧ್ಯಯನ, ದೃಷ್ಟಿಕೋನ ರೇಖಾಚಿತ್ರ, ಬಣ್ಣದ ಅಭ್ಯಾಸ, ಸಮತಲ ವಿನ್ಯಾಸ, ಜೇಡಿಮಣ್ಣಿನ ಕೆಲಸ, ಅಕ್ಷರ ಬರವಣಿಗೆ, ಕಲಾ ಇತಿಹಾಸ, ಇವುಗಳ ಜೊತೆಗೆ ಭಾಷೆಗಳು. ಇದನ್ನು ಅಡಿಪಾಯದ ವರ್ಷವೆಂದು ಕರೆಯುವುದುಂಟು.

ಎಲ್ಲರಿಗೂ ಒಂದೇ ಅಡಿಪಾಯ ಹಾಕಿಸುವ ಈ ಕ್ರಮಕ್ಕೆ ಹೆಸರು ತಂದುಕೊಟ್ಟದ್ದು ಜರ್ಮನಿಯ ವೈಮರ್ ನಗರದಲ್ಲಿ 1919ರಲ್ಲಿ ಆರಂಭವಾದ ಬೌಹೌಸ್ ಶಾಲೆ. ಅಲ್ಲಿ ಯೊಹಾನೆಸ್ ಇಟೆನ್ ಎಂಬ ಅಧ್ಯಾಪಕರು ಹೊಸಬರಿಗೆಲ್ಲ ಆರು ತಿಂಗಳ ಪೂರ್ವಭಾವಿ ಪಾಠವನ್ನು ಕಡ್ಡಾಯ ಮಾಡಿದರು. ಅದೇ 1919ರಲ್ಲಿ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಕಲಾಭವನ ಆರಂಭಿಸಿದ್ದರು. ಮೂರೇ ವರ್ಷದಲ್ಲಿ, 1922ರಲ್ಲಿ, ಬೌಹೌಸ್ ಕಲಾವಿದರ ಕೃತಿಗಳು ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡವು. ನಮ್ಮ ಸೈಕಲ್ ಅಂಗಡಿಯ ಹುಡುಗ ಬರೆದ ಮಡಕೆಯ ಹಿಂದೆ ಇಷ್ಟೆಲ್ಲ ಇದೆ!

ಮಡಕೆಯ ಬಾಯಿ ದುಂಡಗಿದೆಯೇ?

ಸರಿ, ಆದರೂ ಮಡಕೆಯೇ ಏಕೆ?

ಓದುಗರು ಈಗಲೇ ಒಂದು ಲೋಟ ತೆಗೆದುಕೊಳ್ಳಿ. ಲೋಟದ ಬಾಯಿ ವೃತ್ತಾಕಾರ ಎಂದು ನಮಗೆ ಗೊತ್ತು. ಆದರೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬಾಯಿ ಬರೀ ಒಂದು ಗೆರೆಯಾಗಿ ಕಾಣುತ್ತದೆ. ನಿಧಾನವಾಗಿ ಕೆಳಗಿಳಿಸಿದರೆ ಆ ಗೆರೆ ತೆರೆದು ಅಂಡಾಕಾರವಾಗುತ್ತದೆ. ನೆಲದ ಮೇಲಿಟ್ಟು ಮೇಲಿನಿಂದ ಬಗ್ಗಿ ನೋಡಿದಾಗ ಮಾತ್ರ ಅದು ಪೂರ್ಣ ವೃತ್ತ. ಈಗ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಎದುರಿನ ಲೋಟ ಬರೆಯಲು ಹೇಳಿ. ಹತ್ತರಲ್ಲಿ ಒಂಬತ್ತು ಮಕ್ಕಳು ಬಾಯಿಯನ್ನು ಬೇಕಾದ್ದಕ್ಕಿಂತ ಹೆಚ್ಚು ದುಂಡಗೆ ಬರೆದು, ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಅವರು ಬರೆಯುವುದು ತಮಗೆ ಗೊತ್ತಿರುವುದನ್ನು, ಕಾಣುವುದನ್ನಲ್ಲ.

ಗೊತ್ತಿರುವುದನ್ನು ಬದಿಗಿಟ್ಟು ಕಾಣುವುದನ್ನು ಬರೆಯುವುದು ಬಹಳ ಕಷ್ಟದ ಕೆಲಸ. ಮಡಕೆ ಅದನ್ನು ಕಲಿಸುತ್ತದೆ. ಬಾಯಿ, ಕಂಠ, ಹೊಟ್ಟೆ, ತಳ, ಹೀಗೆ ಒಂದೊಂದು ಮಟ್ಟದಲ್ಲಿ ಒಂದೊಂದು ಅಂಡಾಕಾರ. ಕಣ್ಣಿನ ಮಟ್ಟದಿಂದ ಕೆಳಕ್ಕೆ ಹೋದಂತೆಲ್ಲ ಅದು ಅಗಲವಾಗಿ ತೆರೆದುಕೊಳ್ಳಬೇಕು. ಒಂದು ತಪ್ಪಿದರೂ ಮಡಕೆ ವಾಲುತ್ತದೆ. ಚಾಮರಾಜನಗರದ ನಿಲ್ದಾಣದಲ್ಲಿ ನಿಂತು ನೋಡಿದರೆ ರೈಲು ಕಂಬಿಗಳು ದೂರದಲ್ಲಿ ಕೂಡಿದಂತೆ ಕಾಣುವುದೂ ಇದೇ ನಿಯಮದಿಂದ. 1435ರಲ್ಲಿ ಇಟಲಿಯ ಆಲ್ಬರ್ಟಿ ಈ ನಿಯಮವನ್ನು ಬರೆದಿಟ್ಟ.

ವಿಜ್ಞಾನದವನಾದ ನನಗೆ ಇಲ್ಲಿ ಗೆಲಿಲಿಯೋ ನೆನಪಾಗುತ್ತಾನೆ. 1609ರಲ್ಲಿ ಇಬ್ಬರು ದೂರದರ್ಶಕದಿಂದ ಚಂದ್ರನನ್ನು ನೋಡಿದರು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಜುಲೈಯಲ್ಲೇ ನೋಡಿದ್ದ. ಗೆಲಿಲಿಯೋ ನೋಡಿದ್ದು ಕೆಲವು ತಿಂಗಳ ನಂತರ. ಹ್ಯಾರಿಯಟ್ಟನ ಮೊದಲ ಚಿತ್ರದಲ್ಲಿ ಒಂದಷ್ಟು ಕಲೆಗಳು, ಒಂದು ಒರಟು ಗೆರೆ ಮಾತ್ರ ಇವೆ. ಗೆಲಿಲಿಯೋ ಚಿತ್ರ ಬರೆಯುವುದನ್ನು ಬಲ್ಲವನು, ನೆರಳು ಬೆಳಕಿನ ಭಾಷೆ ಕಲಿತವನು. ಕತ್ತಲ ಭಾಗದಲ್ಲಿ ಮಿಣುಕುವ ಬಿಳಿ ಚುಕ್ಕೆಗಳನ್ನು ನೋಡಿ, ಅವು ಸೂರ್ಯನ ಬೆಳಕು ಮೊದಲು ತಾಗುವ ಬೆಟ್ಟದ ತುದಿಗಳು ಎಂದು ಗುರುತಿಸಿದ. ಚಂದ್ರನಲ್ಲಿ ಬೆಟ್ಟಗಳಿವೆ ಎಂದು 1610ರಲ್ಲಿ ಪ್ರಕಟಿಸಿದ. ನೋಡುವ ಕೊಳವೆ ಇಬ್ಬರ ಬಳಿಯೂ ಇತ್ತು. ಪಳಗಿದ ಕಣ್ಣು ಮಾತ್ರ ಒಬ್ಬನದು.

ಮೇಷ್ಟ್ರಿಗೇ ಪಾಠ

ಬಣ್ಣದ ವಿಷಯಕ್ಕೆ ಬಂದಾಗ ಹುಡುಗ ನನ್ನನ್ನೇ ಪೇಚಿಗೆ ಸಿಕ್ಕಿಸಿದ. ‘ಸಾರ್, ನೀವು ನ್ಯೂಟನ್ ತಟ್ಟೆ ತಿರುಗಿಸಿ, ಎಲ್ಲಾ ಬಣ್ಣ ಸೇರಿದರೆ ಬಿಳಿ ಅಂದಿದ್ರಿ. ಕ್ಲಾಸಿನಲ್ಲಿ ಎಲ್ಲಾ ಬಣ್ಣ ಕಲಸಿದರೆ ಕೆಸರಾಗುತ್ತೆ!’ ಎಂದ.

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾವ ವಿದ್ಯಾರ್ಥಿಯೂ ಹೀಗೆ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬೆಳಕಿನ ಜೊತೆ ಬೆಳಕು ಸೇರಿದರೆ ಬೆಳಕು ಹೆಚ್ಚುತ್ತದೆ. ನೀಲಿ ಮತ್ತು ಹಳದಿ ಬೆಳಕನ್ನು ಸರಿಯಾದ ಪ್ರಮಾಣದಲ್ಲಿ ಒಂದೇ ಗೋಡೆಯ ಮೇಲೆ ಬಿಟ್ಟರೆ ಬಿಳಿ ಕಾಣುತ್ತದೆ. ಆದರೆ ಬಣ್ಣದ ಪುಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗುತ್ತದೆ. ನೀಲಿ ಪುಡಿ ಒಂದಷ್ಟು ನುಂಗಿತು, ಹಳದಿ ಪುಡಿ ಇನ್ನೊಂದಷ್ಟು ನುಂಗಿತು, ಇಬ್ಬರೂ ಬಿಟ್ಟು ಉಳಿದದ್ದು ಹಸಿರು. ಹೆಚ್ಚು ಬಣ್ಣ ಬೆರೆಸಿದಷ್ಟೂ ನುಂಗುವವರು ಹೆಚ್ಚು, ಉಳಿಯುವ ಬೆಳಕು ಕಡಿಮೆ. ಅದೇ ಕೆಸರು. ಮರುದಿನ ತರಗತಿಯಲ್ಲಿ ಈ ಮಾತನ್ನೇ ಪಾಠ ಮಾಡಿದೆ.

ಇನ್ನೊಂದು ಅಭ್ಯಾಸವನ್ನು ಮನೆಯಲ್ಲೇ ಮಾಡಬಹುದು. ಒಂದೇ ಬೂದು ಕಾಗದದಿಂದ ಎರಡು ಚಿಕ್ಕ ಚೌಕಗಳನ್ನು ಕತ್ತರಿಸಿ. ಒಂದನ್ನು ಕಪ್ಪು ಕಾಗದದ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ, ಬಿಳಿಯ ಮೇಲಿನದು ಗಾಢವಾಗಿ ಕಾಣುತ್ತದೆ. ಬೌಹೌಸ್‌ನಲ್ಲಿ ಕಲಿತು ಅಲ್ಲೇ ಕಲಿಸಿ, ಆಮೇಲೆ ಅಮೆರಿಕೆಗೆ ಹೋದ ಯೋಸೆಫ್ ಆಲ್ಬರ್ಸ್ ಇಂಥ ಅಭ್ಯಾಸಗಳನ್ನೇ ಕೂಡಿಸಿ 1963ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಬಣ್ಣ ಒಂಟಿಯಾಗಿ ಇರುವುದಿಲ್ಲ, ನೆರೆಹೊರೆಯ ಜೊತೆ ಬದಲಾಗುತ್ತದೆ ಎಂಬುದು ಅದರ ಸಾರ. ಸೀರೆಗೆ ಅಂಚು ಆರಿಸುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸ ಮಾತೇನಲ್ಲ.

ಆಲ್ಬರ್ಸ್ ವಿದ್ಯಾರ್ಥಿಗಳಿಗೆ ಒಂದು ಹಾಳೆ ಕಾಗದ ಕೊಟ್ಟು, ಚೂರೂ ವ್ಯರ್ಥ ಮಾಡದೆ, ಬರೀ ಮಡಿಸಿ ಕತ್ತರಿಸಿ ಅದನ್ನು ಎದ್ದು ನಿಲ್ಲಿಸಲು ಹೇಳುತ್ತಿದ್ದರು. ಇಂದಿಗೂ ಮೊದಲ ವರ್ಷದಲ್ಲಿ ಇಂಥ ಅಭ್ಯಾಸಗಳಿವೆ. ಒಂದು ವಸ್ತು ಏನನ್ನು ತಾಳುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕೈಗೆ ತಿಳಿಯಬೇಕು. ನಮ್ಮ ಪಕ್ಕದ ಯಳಂದೂರಿನ ಗೌರೇಶ್ವರ ದೇವಾಲಯದ ಬಳೆ ಮಂಟಪ ನೋಡಿದವರಿಗೆ ಇದು ಗೊತ್ತು. ಕಲ್ಲಿನಲ್ಲಿ ಒಂದರೊಳಗೊಂದು ಕೂಡಿದ ಬಳೆಗಳನ್ನು ಬಿಡಿಸಿ ತೂಗಬಿಟ್ಟವನಿಗೆ, ಉಳಿ ಎಷ್ಟು ಹೊಡೆದರೆ ಕಲ್ಲು ಸೀಳುತ್ತದೆ ಎಂಬುದು ಪುಸ್ತಕ ಓದಿ ತಿಳಿದದ್ದಲ್ಲ.

ಬರವಣಿಗೆಯ ಭಯ

ಹುಡುಗ ಕಾಲೇಜು ಬಿಡಲು ಹೊರಟದ್ದಕ್ಕೆ ಮಡಕೆಯೊಂದೇ ಕಾರಣವಲ್ಲ ಎಂದು ಮಾತನಾಡುತ್ತ ಗೊತ್ತಾಯಿತು. ಕಲಾ ಇತಿಹಾಸದಲ್ಲಿ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ಕನ್ನಡ ಮಾಧ್ಯಮದ ಹುಡುಗ, ಪುಸ್ತಕಗಳೆಲ್ಲ ಇಂಗ್ಲಿಷಿನವು. ಗೆಳೆಯನ ಪ್ರಬಂಧ ನಕಲು ಮಾಡಿ ಸಿಕ್ಕಿಬಿದ್ದಿದ್ದ. ಆ ನಾಚಿಕೆಗೆ ಊರಿಗೆ ಬಂದಿದ್ದ.

ನಾನು ಹೇಳಿದ್ದು ಇಷ್ಟೆ: ‘ಜಗನ್ಮೋಹನ ಅರಮನೆಗೆ ಹೋಗು. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲು. ಕಂಡದ್ದನ್ನೆಲ್ಲ ಕನ್ನಡದಲ್ಲಿ ಪಟ್ಟಿ ಮಾಡು. ಪುಸ್ತಕ ಆಮೇಲೆ.’ ಅವನು ಆರಿಸಿದ್ದು ದೀಪ ಹಿಡಿದ ಹೆಂಗಸಿನ ಹೆಸರಾಂತ ಚಿತ್ರವನ್ನು. ಬಹಳ ಜನ ಅದು ರವಿವರ್ಮನದೆಂದೇ ನಂಬಿದ್ದಾರೆ. ಅಲ್ಲ, ಅದನ್ನು ಬರೆದವರು ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತ ಎಸ್.ಎಲ್. ಹಲ್ದಣಕರ್. ತೈಲವರ್ಣವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಹುಪಾಲು ಕಾಗದದ ಬಿಳುಪೇ. ದೀಪದ ಹೊಳಪನ್ನು ಬಳಿಯುವುದಕ್ಕಿಂತ ಕಾಪಾಡಿಕೊಳ್ಳಬೇಕು. ಬೆರಳ ಸಂದಿಯ ಕೆಂಪು ಎಲ್ಲಿ ಶುರುವಾಗುತ್ತದೆ, ಮುಖದ ಯಾವ ಭಾಗ ಕತ್ತಲಲ್ಲಿದೆ ಎಂದೆಲ್ಲ ಅವನು ಬರೆದುಕೊಂಡು ಬಂದ. ಅದರಿಂದಲೇ ಪ್ರಬಂಧ ಹುಟ್ಟಿತು. ಇಂಗ್ಲಿಷ್ ಪದಗಳು ಒಂದೊಂದಾಗಿ ಆಮೇಲೆ ಬಂದವು.

ವಿದ್ಯಾರ್ಥಿಗಳೇ, ಇಂದು ಫೋನಿನಲ್ಲಿ ಪ್ರಬಂಧವೂ ಸಿಗುತ್ತದೆ, ಚಿತ್ರವೂ ಸಿಗುತ್ತದೆ. ಆದರೆ ನಿಮ್ಮ ಕಣ್ಣಿಗೆ ಬೇಕಾದ ಅಭ್ಯಾಸವನ್ನು ಬೇರೆ ಯಾರೂ ಮಾಡಿಕೊಡಲಾರರು. ವಿಜ್ಞಾನದ ಪ್ರಯೋಗದಲ್ಲಿ ಬಾರದ ಫಲಿತಾಂಶವನ್ನು ರೆಕಾರ್ಡಿಗೆ ತುಂಬಿದರೆ ಹೇಗೋ ಇದೂ ಹಾಗೆಯೇ.

ಪೋಷಕರಿಗೆ ನಾಲ್ಕು ಮಾತು

ಮೊದಲನೆಯದು, ಕೆಲಸದ ಪ್ರಮಾಣ. ಸ್ಕೆಚ್ ಪುಸ್ತಕ ದಿನವೂ ತುಂಬಬೇಕು. ಬಸ್ ನಿಲ್ದಾಣ, ಸಂತೆ, ದನದ ಕೊಟ್ಟಿಗೆ, ಮಲಗಿದ ಅಜ್ಜಿ, ಯಾವುದೂ ಆದೀತು. ವರ್ಷದ ಕೊನೆಯ ಒಂದು ಪರೀಕ್ಷೆಗೆ ಓದಿ ಪಾಸಾಗುವ ಉಪಾಯ ಇಲ್ಲಿ ನಡೆಯುವುದಿಲ್ಲ. ವರ್ಷವಿಡೀ ಒಪ್ಪಿಸಿದ ಕೆಲಸಕ್ಕೂ ಅಂಕಗಳಿರುತ್ತವೆ. ಮಗ ಊರಿಗೆ ಬಂದು ಬೇಲಿ ಬದಿಯಲ್ಲಿ ಕುಳಿತು ಎಕ್ಕದ ಗಿಡ ನೋಡುತ್ತಿದ್ದರೆ ಸೋಮಾರಿಯಾದನೆಂದು ತಿಳಿಯಬೇಡಿ. ಅದು ಅವನ ಹೋಂವರ್ಕು.

ಎರಡನೆಯದು, ಖರ್ಚು. ಕಾಗದ, ಬಣ್ಣ, ಕುಂಚಗಳಿಗೆ ಹಣ ಬೇಕು. ಆದರೆ ಮೊದಲ ವರ್ಷಕ್ಕೆ ದುಬಾರಿ ಸಾಮಾನು ಬೇಡ. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. 1795ರಲ್ಲಿ ಫ್ರಾನ್ಸಿನ ಕಾಂಟೆ ಕಂಡುಹಿಡಿದ ವಿಧಾನ ಅದು. ಮಣ್ಣು ಹೆಚ್ಚಾದರೆ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಹೆಚ್ಚಾದರೆ ಮೆದು, ಗೆರೆ ಕಪ್ಪು. ಎಚ್‌ಬಿ, 2ಬಿ, 6ಬಿ, ಈ ಮೂರಿದ್ದರೆ ನೆರಳು ಬೆಳಕಿನ ಬಹುಪಾಲು ಅಭ್ಯಾಸ ಸಾಗುತ್ತದೆ. ಸೇರುವ ಮೊದಲೇ ಸಾಮಾನಿನ ಪಟ್ಟಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಇವುಗಳ ಬಗ್ಗೆ ಕಾಲೇಜಿನಲ್ಲೇ ವಿಚಾರಿಸಿ.

ಮೂರನೆಯದು, ಟೀಕೆ. ಬರೆದದ್ದನ್ನು ಗೋಡೆಗೆ ಅಂಟಿಸಿ ಎಲ್ಲರೆದುರು ತಪ್ಪು ಹೇಳುವ ಪದ್ಧತಿ ಅಲ್ಲಿದೆ. ಹಳ್ಳಿಶಾಲೆಯಲ್ಲಿ ‘ಭೇಷ್’ ಎನ್ನಿಸಿಕೊಂಡ ಮಕ್ಕಳಿಗೆ ಇದು ಏಟು ಬಿದ್ದಂತೆ. ಆ ವಾರ ಮನೆಯಿಂದ ಒಂದು ಫೋನು ಹೋದರೆ ದೊಡ್ಡ ಉಪಕಾರ.

ನಾಲ್ಕನೆಯದು, ಉದ್ಯೋಗ. ಸುಳ್ಳು ಹೇಳಬಾರದು. ಪದವಿ ಕೈಗೆ ಬಂದ ದಿನವೇ ನೌಕರಿ ಎಂಬ ಭರವಸೆ ಇಲ್ಲ. ಚಿತ್ರಕಲಾ ಶಿಕ್ಷಕರ ಹುದ್ದೆಗಳು ಬೇಕಾದಷ್ಟಿಲ್ಲ. ವಿನ್ಯಾಸ, ಅನಿಮೇಷನ್, ಪುಸ್ತಕ ಮತ್ತು ಪತ್ರಿಕೆಗಳ ಕೆಲಸ, ಛಾಯಾಚಿತ್ರಣ, ಸಿನಿಮಾ ಕಲಾ ವಿಭಾಗ, ಶಿಲ್ಪದ ಕೆಲಸ, ಇವೆಲ್ಲ ಇವೆ. ಆದರೆ ಅಲ್ಲೆಲ್ಲ ಮೊದಲು ಕೇಳುವುದು ಫೈಲನ್ನು, ಆಮೇಲೆ ಅಂಕಪಟ್ಟಿಯನ್ನು. ಆ ಫೈಲು ತುಂಬುವ ಕೆಲಸ ಮೊದಲ ವರ್ಷದ ಮೊದಲ ಮಡಕೆಯಿಂದ ಶುರು.

ಚಕ್ರದ ಕಡ್ಡಿ

ಒಂದು ವಾರದ ನಂತರ ಫೈಲು ಹಿಂದಿರುಗಿಸಲು ಅಂಗಡಿಗೇ ಹೋದೆ. ಹುಡುಗನೂ ಅಲ್ಲೇ ಇದ್ದ. ಹಾಳೆಗಳ ನಡುವೆ ಸೈಕಲ್ ಚಕ್ರದ ಚಿತ್ರವೊಂದಿತ್ತು, ನೆನಪಿನಿಂದ ಬರೆದದ್ದು. ಅಪ್ಪ ಅದನ್ನು ಕೈಗೆತ್ತಿಕೊಂಡು ಒಂದು ಕ್ಷಣ ನೋಡಿದರು.

‘ಇದು ಓಡಲ್ಲ’ ಎಂದರು.

ಏಕೆಂದು ಕೇಳಿದೆ. ‘ಕಡ್ಡಿ ಎಲ್ಲಾ ಹಬ್ಬಿನಿಂದ ನೆಟ್ಟಗೆ ರಿಮ್ಮಿಗೆ ಹೋಗಿವೆ ನೋಡಿ. ಹಾಗಿರಲ್ಲ. ಓರೆಯಾಗಿ ಹೊರಟು ಒಂದನ್ನೊಂದು ದಾಟಿಕೊಂಡು ಹೋಗ್ತವೆ. ಇಲ್ಲದಿದ್ರೆ ಪೆಡಲ್ ತುಳಿದ ಬಲ ತಡೆಯಲ್ಲ.’ ಮಗನನ್ನು ಕರೆದು, ಸ್ಟ್ಯಾಂಡಿಗೆ ಹಾಕಿದ್ದ ಹಿಂಬದಿ ಚಕ್ರದ ಕಡ್ಡಿಗಳನ್ನು ಬೆರಳಿಟ್ಟು ತೋರಿಸಿದರು. ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಬೆಳೆದ ಹುಡುಗ ಅದನ್ನು ಮೊದಲ ಸಲ ನೋಡುವವನಂತೆ ನೋಡಿದ. ಅಲ್ಲೇ ಮರದ ಪೆಟ್ಟಿಗೆಯ ಮೇಲೆ ಕುಳಿತು ಬರೆಯತೊಡಗಿದ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನೋಡೋದನ್ನ ಕಲಿಸ್ತಾರೆ ಅನ್ನಿ’ ಎಂದರು.

ಸೋಮವಾರ ಬೆಳಿಗ್ಗೆ ಹುಡುಗ ಮೈಸೂರಿನ ಬಸ್ಸು ಹತ್ತಿದ. ಮೊದಲ ವರ್ಷ ಮುಗಿಸಿದ್ದಾನೆ. ಒಂದು ವಿಷಯ ಉಳಿಸಿಕೊಂಡು ಮತ್ತೆ ಬರೆದು ಪಾಸಾದ. ನಾನು ಈಗ ಒಂಬತ್ತನೆಯ ತರಗತಿಯ ರೆಕಾರ್ಡ್ ಪುಸ್ತಕಗಳನ್ನು ತಿದ್ದುವಾಗ ಹೂವಿನ ಮೇಲೆ ಇರುವೆ ಇದ್ದರೆ ಪುಟ ಹರಿಸುವುದಿಲ್ಲ. ಕಾಲುಗಳನ್ನು ಎಣಿಸುತ್ತೇನೆ. ಆರಿದ್ದರೆ ಒಂದು ಅಂಕ ಹೆಚ್ಚು.