ಬಯಲು ಸಭೆಯ ಧ್ವನಿವರ್ಧಕಕ್ಕೆ ಎಷ್ಟು ವಾಟ್ ಬೇಕು?

ಶ್ರಾವಣಕ್ಕೆ ಇನ್ನೂ ಮೂರು ವಾರ ಇರುವಾಗ ಬಬಲೇಶ್ವರದ ಕಡೆಯ ಒಂದು ಹಳ್ಳಿಯ ಪ್ರವಚನ ಸಮಿತಿಯವರು ವಿಜಯಪುರದಲ್ಲಿರುವ ನಮ್ಮ ಭೌತಶಾಸ್ತ್ರ ವಿಭಾಗಕ್ಕೆ ಬಂದಿದ್ದರು. ಅವರ ಕೈಯಲ್ಲಿ ಅಂಗಡಿಯೊಂದರ ದರಪಟ್ಟಿ ಇತ್ತು: ಒಂದು ಸಾವಿರ ವಾಟ್‌ನ ಆಂಪ್ಲಿಫೈಯರ್, ಆಳೆತ್ತರದ ಎರಡು ಪೆಟ್ಟಿಗೆಗಳು. ಊರಿನಲ್ಲಿ ಈಗಾಗಲೇ 250 ವಾಟ್‌ನದೊಂದು ಇದೆ. ಅದು ಸಾಲುವುದಿಲ್ಲ ಎಂಬುದು ಅವರ ದೂರು. “ಹಿಂದ ಕುಂತವರಿಗೆ ಒಂದ ಮಾತೂ ತಿಳ್ಯಾಂಗಿಲ್ರಿ, ಮುಂದ ಕುಂತ ಹುಡುಗ್ರು ಕಿವಿ ಮುಚ್ಕೋತಾವ್ರಿ” ಎಂದರು ಹಿರಿಯರೊಬ್ಬರು. ಅವರ ತಾಯಿ ದಿನವೂ ಸಂಜೆ ಬಂದು ಹಿಂದಿನ ಬೇವಿನ ಮರಕ್ಕೆ ಒರಗಿ ಕೂಡುತ್ತಾರಂತೆ. ಕಳೆದ ಶ್ರಾವಣದಲ್ಲಿ ಒಂದು ತಿಂಗಳು ಪೂರ್ತಿ ಬಂದು, ಏನೂ ಕೇಳಿಸದೆ ಹಾಗೆಯೇ ಎದ್ದು ಹೋಗಿದ್ದರಂತೆ. ದ್ರಾಕ್ಷಿ ಬೆಳೆಗಾರರಿಂದ ಸಂಗ್ರಹಿಸಿದ ಹಣವನ್ನು ಸರಿಯಾದ ಯಂತ್ರಕ್ಕೆ ಹಾಕಬೇಕು, ಸಾವಿರ ವಾಟ್ ಸಾಕೇ ಎಂಬುದು ಅವರ ಪ್ರಶ್ನೆ.

ಆ ದೂರಿನಲ್ಲಿಯೇ ಉತ್ತರವೂ ಇತ್ತು. ಮುಂದಿನವರಿಗೆ ಅತಿಯಾಗಿ, ಹಿಂದಿನವರಿಗೆ ಕಡಿಮೆಯಾಗಿ ಕೇಳಿಸುತ್ತಿದ್ದರೆ ಕೊರತೆ ಇರುವುದು ವಾಟ್‌ನಲ್ಲಿ ಅಲ್ಲ, ಹಂಚಿಕೆಯಲ್ಲಿ.

ಗುಮ್ಮಟದ ಒಳಗೆ, ಗುಮ್ಮಟದ ಹೊರಗೆ

ವಿಜಯಪುರದವರಿಗೆ ಧ್ವನಿಯ ಬಗ್ಗೆ ಒಂದು ತಪ್ಪು ನಿರೀಕ್ಷೆ ಇರುವುದು ಸಹಜ. ನಮ್ಮ ಊರಿನಲ್ಲಿ ಗೋಲಗುಮ್ಮಟವಿದೆ. ಅದರ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿ ನಿಂತು ಪಿಸುನುಡಿದರೆ ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಯಾವ ಆಂಪ್ಲಿಫೈಯರ್ ಇಲ್ಲ, ಒಂದು ವಾಟ್ ವಿದ್ಯುತ್ತೂ ಇಲ್ಲ. ಬಾಗಿದ ಗೋಡೆಯು ಧ್ವನಿ ತರಂಗಗಳನ್ನು ಮತ್ತೆ ಮತ್ತೆ ಪ್ರತಿಫಲಿಸಿ ತನ್ನ ಮೈಗೆ ಅಂಟಿಸಿಕೊಂಡೇ ಸಾಗಿಸುತ್ತದೆ. ಶಕ್ತಿ ಹರಡಿಹೋಗಲು ಬಿಡುವುದಿಲ್ಲ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಇದೇ ವಿದ್ಯಮಾನವನ್ನು ಲಾರ್ಡ್ ರ‍್ಯಾಲೆ ವಿವರಿಸಿದ್ದರು. ನಮ್ಮ ಸಿ. ವಿ. ರಾಮನ್ ಅವರೂ 1921ರಲ್ಲಿ ಅಲ್ಲಿ ಪ್ರಯೋಗ ನಡೆಸಿದ್ದರು.

ಅದೇ ಪಿಸುಮಾತನ್ನು ಗುಮ್ಮಟದ ಹೊರಗಿನ ಹುಲ್ಲುಹಾಸಿನ ಮೇಲೆ ಆಡಿ ನೋಡಿ. ಹತ್ತು ಹೆಜ್ಜೆಯಾಚೆ ಏನೂ ಇಲ್ಲ. ಬಯಲಿನಲ್ಲಿ ಧ್ವನಿ ಎಲ್ಲ ದಿಕ್ಕಿಗೂ ಹರಡುತ್ತದೆ. ದೂರ ಇಮ್ಮಡಿಯಾದಾಗ ಅದೇ ಶಕ್ತಿ ನಾಲ್ಕು ಪಟ್ಟು ವಿಸ್ತಾರದ ಮೇಲೆ ಹಂಚಿಹೋಗುತ್ತದೆ. ಇದೇ ವಿಲೋಮ ವರ್ಗ ನಿಯಮ. ಡೆಸಿಬೆಲ್ ಲೆಕ್ಕದಲ್ಲಿ ಹೇಳುವುದಾದರೆ ದೂರ ಇಮ್ಮಡಿಯಾದಂತೆಲ್ಲ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಇತ್ತ ಆಂಪ್ಲಿಫೈಯರ್‌ನ ವಾಟ್ ಇಮ್ಮಡಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ, ಹತ್ತು ಪಟ್ಟು ಮಾಡಿದರೆ 10 ಡೆಸಿಬೆಲ್. ನಮ್ಮ ಕಿವಿಗೆ ಸದ್ದು ಎರಡರಷ್ಟಾಯಿತು ಎನ್ನಿಸಲು ಸುಮಾರು 10 ಡೆಸಿಬೆಲ್ ಬೇಕು.

ಈಗ 250 ವಾಟ್ ಬಿಟ್ಟು 1000 ವಾಟ್ ಕೊಂಡರೆ ಏನಾಗುತ್ತದೆ? ನಾಲ್ಕು ಪಟ್ಟು, ಅಂದರೆ 6 ಡೆಸಿಬೆಲ್. ಇದುವರೆಗೆ 30 ಮೀಟರ್ ದೂರ ಕುಳಿತವರಿಗೆ ಎಷ್ಟು ಕೇಳಿಸುತ್ತಿತ್ತೋ ಅಷ್ಟು ಇನ್ನು ಮುಂದೆ 60 ಮೀಟರ್ ದೂರದವರಿಗೆ ಕೇಳಿಸುತ್ತದೆ. ಆದರೆ ಮೊದಲ ಸಾಲಿನ ಹುಡುಗರ ಕಿವಿಯ ಮೇಲೂ ನಾಲ್ಕು ಪಟ್ಟು ಶಕ್ತಿ ಬೀಳುತ್ತದೆ. ದರಪಟ್ಟಿಯಲ್ಲಿ ಈ ಎರಡನೆಯ ವಾಕ್ಯ ಇರುವುದಿಲ್ಲ.

ಮೈದಾನದ ಲೆಕ್ಕ

ಮುಂದಿನ ಭಾನುವಾರ ನಾನೇ ಹೋಗಿ ಮೈದಾನ ಅಳೆದೆ. ವೇದಿಕೆಯಿಂದ ಬೇವಿನ ಮರದವರೆಗೆ 64 ಮೀಟರ್. ಲೆಕ್ಕದ ಮೇಷ್ಟರಿಗೆ ಇದಕ್ಕಿಂತ ಅನುಕೂಲವಾದ ಸಂಖ್ಯೆ ಸಿಗಲಾರದು: 1, 2, 4, 8, 16, 32, 64, ಒಟ್ಟು ಆರು ಇಮ್ಮಡಿ.

ಶಾಂತವಾಗಿ ಕುಳಿತ ಬಯಲು ಸಭೆಯಲ್ಲಿ ಗಾಳಿ, ಮಕ್ಕಳು, ರಸ್ತೆಯ ವಾಹನ ಎಲ್ಲ ಸೇರಿ ಹಿನ್ನೆಲೆಯ ಸದ್ದು 55 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಮಾತು ಸ್ಪಷ್ಟವಾಗಿ ತಿಳಿಯಲು ಅದಕ್ಕಿಂತ 15 ಡೆಸಿಬೆಲ್ ಮೇಲಿರಬೇಕು. ಅಂದರೆ ಸರಾಸರಿ 70. ಮಾತಿನ ಏರಿಳಿತಗಳ ಶಿಖರಗಳು ಸರಾಸರಿಗಿಂತ 10 ಡೆಸಿಬೆಲ್ ಮೇಲೆ ಹೋಗುತ್ತವೆ. ಆ ಕ್ಷಣಗಳಲ್ಲಿ ಆಂಪ್ಲಿಫೈಯರ್ ಸೋತರೆ ಧ್ವನಿ ಒಡೆದು ಕರಕರ ಎನ್ನುತ್ತದೆ. ಆದ್ದರಿಂದ ಕೇಳುಗನ ಬಳಿ 80 ಡೆಸಿಬೆಲ್ ಕೊಡುವ ಸಾಮರ್ಥ್ಯ ಬೇಕು.

ಇನ್ನು ಧ್ವನಿವರ್ಧಕದ ಸಂವೇದನೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬುದೇ ಈ ಅಂಕಿ. ಕೊಳ್ಳುವವರು ವಾಟ್ ಕೇಳುತ್ತಾರೆ, ಇದನ್ನು ಕೇಳುವುದೇ ಇಲ್ಲ. ಮನೆಯಲ್ಲಿಡುವ ಪೆಟ್ಟಿಗೆಗೆ ಇದು 88ರ ಆಸುಪಾಸು, ಸಭೆಗಳಲ್ಲಿ ನಿಲ್ಲಿಸುವ ಉದ್ದನೆಯ ಕಾಲಂ ಧ್ವನಿವರ್ಧಕಕ್ಕೆ 94ರಷ್ಟು, ಜಾತ್ರೆಯ ಕಹಳೆ ಧ್ವನಿವರ್ಧಕಕ್ಕೆ 105ಕ್ಕೂ ಹೆಚ್ಚು. ಕಹಳೆಯ ಒಂದು ವಾಟ್ ಮನೆಯ ಪೆಟ್ಟಿಗೆಯ ಐವತ್ತು ವಾಟ್‌ಗೆ ಸಮ! ಆದರೆ ಕಹಳೆಯಲ್ಲಿ ಕೆಳಸ್ವರಗಳು ಬರುವುದಿಲ್ಲ, ಮಾತು ಮೂಗಿನಿಂದ ಬಂದಂತಿರುತ್ತದೆ. ತಿಂಗಳುಗಟ್ಟಲೆ ಕೇಳುವ ಪ್ರವಚನಕ್ಕೆ ಕಾಲಂ ಉತ್ತಮ.

ಮೊದಲು ವೇದಿಕೆಯ ಇಕ್ಕೆಲದಲ್ಲಿ ಮಾತ್ರ ಕಾಲಂ ಇಟ್ಟರೆ? 64 ಮೀಟರ್‌ಗೆ ಆರು ಇಮ್ಮಡಿ, 36 ಡೆಸಿಬೆಲ್ ನಷ್ಟ. 80ಕ್ಕೆ 36 ಕೂಡಿಸಿದರೆ 116. ಒಂದು ವಾಟ್‌ಗೆ 94 ಇರುವುದರಿಂದ ಇನ್ನೂ 22 ಡೆಸಿಬೆಲ್ ಬೇಕು, ಅಂದರೆ ಒಂದೊಂದು ಬದಿಗೂ ಸುಮಾರು 160 ವಾಟ್. ಆಗ ನಾಲ್ಕು ಮೀಟರ್ ದೂರದ ಮೊದಲ ಸಾಲಿನಲ್ಲಿ ಸರಾಸರಿಯೇ 94 ಡೆಸಿಬೆಲ್. ಕಿವಿ ಮುಚ್ಚಿಕೊಂಡ ಹುಡುಗರದು ತಪ್ಪಲ್ಲ.

ಅದರ ಬದಲು 16 ಮೀಟರ್‌ಗೊಂದರಂತೆ ಎರಡೂ ಬದಿ ನಾಲ್ಕು ನಾಲ್ಕು ಕಂಬ ನೆಟ್ಟು ಎಂಟು ಕಾಲಂ ಹಾಕಿದರೆ? ಪ್ರತಿಯೊಂದೂ ತನ್ನ ಮುಂದಿನ 16 ಮೀಟರ್ ನೋಡಿಕೊಂಡರೆ ಸಾಕು. ನಷ್ಟ 24 ಡೆಸಿಬೆಲ್, ಬೇಕಾದದ್ದು 104, ಅಂದರೆ ತಲಾ 10 ವಾಟ್. ಎಂಟಕ್ಕೆ 80 ವಾಟ್. ಕಾಲು ಭಾಗ ಮೀಸಲಿಟ್ಟರೂ 100 ವಾಟ್ ಸಾಕು. ಅವರ ಬಳಿ ಇದ್ದ ಯಂತ್ರದ ಅರ್ಧಕ್ಕಿಂತ ಕಡಿಮೆ! ಮೊದಲ ಸಾಲಿನಲ್ಲಿ ಸರಾಸರಿ 82 ಡೆಸಿಬೆಲ್, ಹಿಂದಿನ ಸಾಲಿನಲ್ಲಿ 70. ಸಮಿತಿಯವರು ನನ್ನ ಕಾಗದವನ್ನು ಅನುಮಾನದಿಂದ ನೋಡಿದರು.

ಅವರನ್ನು ಒಪ್ಪಿಸಲು ನೆರವಾದದ್ದು ಅವರದೇ ಅನುಭವ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ, 2023ರ ಜನವರಿ 2ರಂದು ನಮ್ಮನ್ನಗಲಿದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳದವರು ಈ ಭಾಗದಲ್ಲಿ ವಿರಳ. ಏರುದನಿಯೇ ಇಲ್ಲದ ಮಾತು, ಎದುರಿಗೆ ಸಾವಿರಾರು ಜನ. ಅಲ್ಲಿ ಸಭೆಯೇ ನಿಶ್ಶಬ್ದವಾಗಿರುತ್ತಿತ್ತು. ಹಿನ್ನೆಲೆಯ ಸದ್ದು 55ರಿಂದ 45ಕ್ಕೆ ಇಳಿದರೆ ಬೇಕಾಗುವ ಶಕ್ತಿ ಹತ್ತನೆಯ ಒಂದು ಭಾಗ ಮಾತ್ರ. ಮೈಕನ್ನು ಬಾಯಿಗೆ ಅರ್ಧ ದೂರಕ್ಕೆ ತಂದರೆ ಮತ್ತೆ 6 ಡೆಸಿಬೆಲ್ ಪುಕ್ಕಟೆ, ಕಿರ್ರೆನ್ನುವ ಕಾಟವೂ ಕಡಿಮೆ.

ತಂತಿ ನುಂಗುವ ವಾಟ್

ಕಂಬಗಳು ದೂರವಾದಂತೆ ತಂತಿ ಉದ್ದವಾಗುತ್ತದೆ. ಒಂದು ಚದರ ಮಿಲಿಮೀಟರ್ ತಾಮ್ರದ ಜೋಡಿತಂತಿಯನ್ನು 60 ಮೀಟರ್ ಎಳೆದರೆ ಹೋಗಿ ಬರುವ ದಾರಿ 120 ಮೀಟರ್, ರೋಧ ಸುಮಾರು 2 ಓಮ್. ಮನೆಯ ಸ್ಟೀರಿಯೋ ಅಥವಾ ಹೋಂ ಥಿಯೇಟರ್ ರಿಸೀವರ್‌ನಂತೆ 8 ಓಮ್ ಭಾರಕ್ಕೆ 80 ವಾಟ್ ಕಳುಹಿಸಲು 3.16 ಆಂಪಿಯರ್ ಹರಿಯಬೇಕು. ಇಷ್ಟು ಪ್ರವಾಹ ಆ ತಂತಿಯಲ್ಲಿ ಹರಿದಾಗ 20 ವಾಟ್ ಬರೀ ಶಾಖವಾಗುತ್ತದೆ. ಅದೇ 80 ವಾಟ್‌ಅನ್ನು 100 ವೋಲ್ಟ್‌ನಲ್ಲಿ ಕಳುಹಿಸಿದರೆ ಪ್ರವಾಹ 0.8 ಆಂಪಿಯರ್, ನಷ್ಟ ಒಂದೂಕಾಲು ವಾಟ್‌ನಷ್ಟು. ಕೂಡಗಿ ಸ್ಥಾವರದಿಂದ ವಿದ್ಯುತ್ತನ್ನು 4 ಲಕ್ಷ ವೋಲ್ಟ್‌ಗೆ ಏರಿಸಿ ಸಾಗಿಸುವುದರ ಹಿಂದಿನ ತರ್ಕವೂ ಇದೇ.

ಆದ್ದರಿಂದ ಬಯಲಿಗೆ ಆರಿಸಬೇಕಾದದ್ದು ಹಿಂಬದಿಯಲ್ಲಿ ‘100 ವೋಲ್ಟ್ ಲೈನ್’ ತುದಿ ಇರುವ ಸಾರ್ವಜನಿಕ ಸಭೆಯ ಆಂಪ್ಲಿಫೈಯರ್. ಪ್ರತಿ ಕಾಲಂನೊಳಗೆ ಒಂದು ಪುಟ್ಟ ಪರಿವರ್ತಕವಿದ್ದು, 5, 10, 20 ವಾಟ್ ಎಂಬ ಟ್ಯಾಪ್‌ಗಳಿರುತ್ತವೆ. ಎಲ್ಲವನ್ನೂ ಸಮಾಂತರವಾಗಿ ಜೋಡಿಸಿ ಟ್ಯಾಪ್‌ಗಳ ವಾಟ್ ಕೂಡಿಸಿದರಾಯಿತು. ಮೊತ್ತ ಆಂಪ್ಲಿಫೈಯರ್‌ನ ವಾಟ್ ಮೀರಬಾರದು. 10 ವಾಟ್ ಟ್ಯಾಪ್ ಎಂದರೆ ಒಂದು ಸಾವಿರ ಓಮ್ ಭಾರ. ಎಂಟು ಸೇರಿ 125 ಓಮ್. 100 ವಾಟ್ ಆಂಪ್ಲಿಫೈಯರ್ 100 ಓಮ್‌ವರೆಗೆ ಹೊರಬಲ್ಲದು. ಪರಿವರ್ತಕವಿಲ್ಲದ 8 ಓಮ್ ಪೆಟ್ಟಿಗೆಯನ್ನು ಮಾತ್ರ ಈ ಸಾಲಿಗೆ ಎಂದೂ ಜೋಡಿಸಬೇಡಿ. ಅದು 1250 ವಾಟ್ ಎಳೆಯಲು ಹೊರಡುತ್ತದೆ. ಪೆಟ್ಟಿಗೆಯ ಸುರುಳಿ ಸುಡಬೇಕು, ಇಲ್ಲವೇ ಆಂಪ್ಲಿಫೈಯರ್.

ಉಪನ್ಯಾಸಕನಾಗಿ ಸೇರಿದ ಹೊಸತರಲ್ಲಿ ನಾನು ಇದರದೇ ತಮ್ಮನಂಥ ತಪ್ಪು ಮಾಡಿದ್ದೆ. ವಾರ್ಷಿಕೋತ್ಸವಕ್ಕೆ 8 ಓಮ್‌ನ ನಾಲ್ಕು ಪೆಟ್ಟಿಗೆಗಳನ್ನು 8 ಓಮ್ ಆಂಪ್ಲಿಫೈಯರ್‌ಗೆ ಸಮಾಂತರವಾಗಿ ಕಟ್ಟಿದೆ. ಭಾರ 2 ಓಮ್ ಆಯಿತು. ಸ್ವಾಗತಗೀತೆ ಮುಗಿಯುವ ಮೊದಲೇ ಸುಟ್ಟ ವಾಸನೆ. ಓಮ್ ನಿಯಮ ಕಲಿಸುವವನ ಮೇಲೆ ಓಮ್ ನಿಯಮದ ಪ್ರಯೋಗ ಎಂದು ವಿದ್ಯಾರ್ಥಿಗಳು ವರ್ಷವಿಡೀ ನಕ್ಕರು.

ವಾಟ್ ಎಂಬ ಅಂಕಿಯನ್ನೂ ಪರೀಕ್ಷಿಸಬೇಕು. ‘ಪಿಎಂಪಿಒ’ ಎಂದು ಬರೆದ ಸಾವಿರಾರು ವಾಟ್‌ಗಳಿಗೆ ಅರ್ಥವಿಲ್ಲ. ‘ಆರ್‌ಎಂಎಸ್’ ಅಂಕಿ ಕೇಳಿ. ಯಂತ್ರದ ಹಿಂಬದಿಯಲ್ಲಿ ಅದು ಎಳೆಯುವ ವಿದ್ಯುತ್ತು 60 ವಾಟ್ ಎಂದಿದ್ದರೆ ಅದು ಸಾವಿರ ವಾಟ್ ನಿರಂತರವಾಗಿ ಹೊರಡಿಸಲು ಶಕ್ತಿ ಸಂರಕ್ಷಣಾ ನಿಯಮ ಒಪ್ಪುವುದಿಲ್ಲ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಕಾದ ತಗಡಿನ ಪೆಟ್ಟಿಗೆಯಲ್ಲಿಟ್ಟ ಆಂಪ್ಲಿಫೈಯರ್ ಮಧ್ಯದಲ್ಲೇ ಮೌನವಾಗುವುದು ಇದರಿಂದ. ಹೊಸ ‘ಡಿ’ ವರ್ಗದವು ಹಳೆಯವಕ್ಕಿಂತ ಕಡಿಮೆ ಶಾಖ ಹೊರಡಿಸುತ್ತವೆ. ಬ್ಯಾಟರಿಯಿಂದಲೂ ನಡೆಯುವಂಥದ್ದಾದರೆ ಕರೆಂಟು ಹೋದಾಗ ಪ್ರವಚನ ನಿಲ್ಲುವುದಿಲ್ಲ.

ಹೊಲದಾಚೆಯ ಊರು

ಎಂಟು ಕಾಲಂಗೂ ವಿದ್ಯುತ್ ಸಂಕೇತ ಒಂದೇ ಕ್ಷಣಕ್ಕೆ ತಲುಪುತ್ತದೆ, ಆದರೆ ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 346 ಮೀಟರ್ ಮಾತ್ರ ಸಾಗುತ್ತದೆ. ಹಿಂದಿನ ಸಾಲಿನವರಿಗೆ ಹತ್ತಿರದ ಕಂಬದ ಮಾತು ಮೊದಲು, ವೇದಿಕೆಯ ಕಾಲಂನ ಮಾತು 0.14 ಸೆಕೆಂಡ್ ತಡವಾಗಿ ಬರುತ್ತದೆ. ತಡ 0.05 ಸೆಕೆಂಡ್ ದಾಟಿದರೆ ಕಿವಿ ಅದನ್ನು ಪ್ರತಿಧ್ವನಿಯಾಗಿ ಗುರುತಿಸತೊಡಗುತ್ತದೆ. ದೂರದ್ದು 12 ಡೆಸಿಬೆಲ್ ಕ್ಷೀಣವಾಗಿರುವುದರಿಂದ ಹೆಚ್ಚು ತೊಂದರೆಯಿಲ್ಲ. ಮೈದಾನ ಇನ್ನೂ ಉದ್ದವಾಗಿದ್ದರೆ ಹಿಂದಿನ ಕಂಬಗಳಿಗೆ ಡಿಜಿಟಲ್ ವಿಳಂಬ ಸಾಧನ ಮತ್ತು ಬೇರೆ ಆಂಪ್ಲಿಫೈಯರ್ ಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ಹೊತ್ತು. ಮೈಕಿನವರು ಮಧ್ಯಾಹ್ನ ಬಂದು “ಹಲೋ, ಹಲೋ” ಎನ್ನುತ್ತಾರೆ. ಬಿಸಿಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಬಿಸಿಗಾಳಿಯಲ್ಲಿ ಧ್ವನಿಯ ವೇಗ ಹೆಚ್ಚಾದ್ದರಿಂದ ತರಂಗಗಳು ಮೇಲಕ್ಕೆ ಬಾಗಿ ದೂರದವರ ತಲೆಯ ಮೇಲೆ ಹಾದುಹೋಗುತ್ತವೆ. ‘ಸಾಲದು’ ಎಂದು ಗುಂಡಿ ತಿರುಗಿಸುತ್ತಾರೆ. ಸಂಜೆ ನೆಲ ತಣಿದ ಮೇಲೆ ಸ್ಥಿತಿ ತಿರುಗುಮುರುಗು. ತರಂಗಗಳು ಕೆಳಕ್ಕೆ ಬಾಗುತ್ತವೆ. ಸಂಕ್ರಾಂತಿಯ ಚಳಿಯ ರಾತ್ರಿಗಳಲ್ಲಿ ದೂರದ ಜಾತ್ರೆಯ ಹಾಡು ಹೊಲದಾಚೆಯ ಊರಿಗೆ ಅಕ್ಷರ ಅಕ್ಷರವಾಗಿ ಕೇಳಿಸುವುದು ಹೀಗೆ. ಗುಂಡಿಯ ಮಟ್ಟವನ್ನು ಸಭೆ ನಡೆಯುವ ಹೊತ್ತಿನಲ್ಲೇ ನಿಗದಿಮಾಡಬೇಕು.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಮೇಲೆ ಅಥವಾ 75, ಇವೆರಡರಲ್ಲಿ ಕಡಿಮೆಯಾದದ್ದನ್ನು ದಾಟಬಾರದು. ಅಂದರೆ ಹಗಲಿನಲ್ಲೂ ಗಡಿಯಲ್ಲಿ 65. ನಮ್ಮ ಬೇವಿನ ಮರದ 70 ಡೆಸಿಬೆಲ್ ಕೂಡ ಈ ಅಳತೆಗೆ ಹೆಚ್ಚೇ. ಹಿಂದಿನ ಕಾಲಂಗಳನ್ನು ಕೇಳುಗರ ಕಡೆ ಕೆಳಮುಖವಾಗಿ ಬಾಗಿಸಿ, ಅವುಗಳ ಟ್ಯಾಪ್‌ಅನ್ನು 5 ವಾಟ್‌ಗೆ ಇಳಿಸುವುದು ಇದಕ್ಕೆ ಉಪಾಯ. ವೇದಿಕೆಯಿಂದಲೇ ಕೂಗಿಸುವ ದೊಡ್ಡ ಪೆಟ್ಟಿಗೆಯಲ್ಲಿ ಈ ಅನುಕೂಲವಿಲ್ಲ.

ಈಚೆಗೆ ತೋಟದ ಮನೆಗಳಲ್ಲಿ ಈಜುಕೊಳ ಕಟ್ಟಿಸಿ ಹಾಡು ಹಾಕುವವರೂ ಕೇಳುತ್ತಾರೆ. ಅಲ್ಲಿ ದೂರ ಹತ್ತು ಮೀಟರ್ ಒಳಗೇ ಇದ್ದರೆ ಚಾನೆಲ್ಲಿಗೆ 50 ವಾಟ್‌ನ ಸಾಮಾನ್ಯ ರಿಸೀವರ್ ಸಾಕು. ಆದರೆ ಅದು ಕೋಣೆಯೊಳಗೇ ಇರಲಿ, ಹೊರಗೆ ಮಳೆ-ಧೂಳು ತಡೆಯುವ ಧ್ವನಿವರ್ಧಕ ಮಾತ್ರ ಇರಲಿ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತವಾಗುವ ಸ್ವಿಚ್ ಕಡ್ಡಾಯ. ಒದ್ದೆ ಮೈಗೆ ವಿದ್ಯುತ್ ರೋಧ ಬಹಳ ಕಡಿಮೆ.

ಸಮಿತಿಯವರು ಕೊನೆಗೆ 120 ವಾಟ್‌ನದೊಂದು 100 ವೋಲ್ಟ್ ಆಂಪ್ಲಿಫೈಯರ್ ಮತ್ತು ಎಂಟು ಕಾಲಂ ಕೊಂಡರು. ಶ್ರಾವಣದ ಎರಡನೆಯ ಸೋಮವಾರ ಹೋಗಿ ನಾನೂ ಬೇವಿನ ಮರದ ಬಳಿ ಕುಳಿತೆ. ಆ ಅಜ್ಜಿ ಪಕ್ಕದಲ್ಲೇ ಇದ್ದರು, ಪ್ರವಚನಕಾರರು ಹೇಳಿದ ಕಥೆಗೆ ಉಳಿದವರಿಗಿಂತ ಮೊದಲೇ ನಕ್ಕರು. ಮುಂದಿನ ಸಾಲಿನಲ್ಲಿ ಇಬ್ಬರು ಹುಡುಗರು ನಿದ್ದೆ ಹೋಗಿದ್ದರು. ಎಡಬದಿಯ ಮೂರನೆಯ ಕಂಬದ ಕಾಲಂ ಮಾತ್ರ ಮೂಕವಾಗಿತ್ತು. ಸಮಾಂತರ ಜೋಡಣೆಯಾದ್ದರಿಂದ ಉಳಿದ ಏಳು ನಡೆಯುತ್ತಲೇ ಇದ್ದವು. ಸಭೆ ಮುಗಿದ ಮೇಲೆ ಏಣಿ ಹಾಕಿ ನೋಡಿದರೆ ಟ್ಯಾಪ್‌ನ ತಿರುಪು ಬಿಗಿಯಾಗಿರಲಿಲ್ಲ.